ಅತ್ತೆ ಕಾದ ಬಾಗಿಲು

ಅತ್ತೆಯ ಬಲಗೈ ಹೆಬ್ಬೆರಳ ಉಗುರು ವರ್ಷವಿಡೀ ಕಪ್ಪಗಿರುತ್ತಿತ್ತು. ಸುತ್ತಲಿನ ಚರ್ಮ ಸುಲಿದು, ಮತ್ತೆ ಬೆಳೆದು ಒರಟಾಗಿತ್ತು. ಗೇರುಸಿಪ್ಪೆಯ ಎಣ್ಣೆ ತಾಗಿದರೆ ಹಾಗೆಯೇ. ಜೀಪ್ ಶೆಡ್ಡಿನ ಹೊಸ ಬಾಗಿಲಿಗೆ ಗೆದ್ದಲು ಹಿಡಿಯದಂತೆ ಆ ಎಣ್ಣೆಯನ್ನು ಬಟ್ಟೆಯ ಉಂಡೆಯಿಂದ ಅವರೇ ಬಳಿಯುತ್ತಿದ್ದರು. ಆಳುಗಳ ಮೇಲೆ ನಂಬಿಕೆಯಿರಲಿಲ್ಲ. ಆ ಉಗುರು ನನಗೆ ನಿಚ್ಚಳವಾಗಿ ನೆನಪಿದೆ. ಉಳಿದದ್ದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಆಣೆಯಿಟ್ಟು ಹೇಳಲಾರೆ.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ವರ್ಷಗಳವು. ನಾನು ಕುಶಾಲನಗರದ ಕಡೆಯವಳು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಚೆಟ್ಟಳ್ಳಿಯ ಹತ್ತಿರದ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ. ಮನೆಯವರ ಅರೆಭಾಷೆ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಗಂಡ ಸೈನ್ಯದಲ್ಲಿದ್ದರು. ರಜೆಗೆ ಬಂದಾಗ ತೋಟದ ದಾರಿಯಲ್ಲೇ ನನಗೆ ಜೀಪ್ ಓಡಿಸಲು ಕಲಿಸಿದ್ದರು. ಅದು ಮಾವ ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪು. ಅದಕ್ಕೆ ಬೀಗದ ಕೈಯೇ ಇಲ್ಲ, ಸ್ವಿಚ್ ತಿರುಗಿಸಿದರೆ ಯಾರು ಬೇಕಾದರೂ ಓಡಿಸಬಹುದು. ಅತ್ತೆಗೆ ಅದೊಂದೇ ಸಾಕಾಯಿತು. ಹಟ ಹಿಡಿದು ಶೆಡ್ಡಿಗೆ ಹಲಸಿನ ಮರದ ಜೋಡಿ ಬಾಗಿಲು ಮಾಡಿಸಿದರು. ಬೀಗದ ಕೈ ಅವರ ಸೊಂಟ ಸೇರಿತು.

ಮಗುವನ್ನು ನೋಡಿಕೊಂಡಂತೆ ಆ ಬಾಗಿಲನ್ನು ನೋಡಿಕೊಂಡರು. ಮಳೆ ನಿಂತ ಕೂಡಲೇ ಒಣ ಗೋಣಿಯಿಂದ ಒರೆಸುವರು. ಅಡಿಯಲ್ಲಿ ಸೇರಿದ ತರಗೆಲೆ ತೆಗೆಯುವರು. ಬಾಗಿಲು ಜೋತುಬೀಳದಂತೆ ಕೆಳಗೆ ಬೆಣೆ ಕೊಡುವರು. ಕೀಲುಗಳಿಗೆ ಮಾತ್ರ ಒಂದು ತೊಟ್ಟು ಎಣ್ಣೆ ಬಿಡಗೊಡುತ್ತಿರಲಿಲ್ಲ.

"ಅಮ್ಮಾ, ಸ್ವಲ್ಪ ಎಣ್ಣೆ ಬಿಡ್ಲಾ? ಆಳುಗಳ ಲೈನ್‌ಮನೆಗಳವರೆಗೂ ಕೇಳ್ತದೆ ಇದು ಕೂಗೂದು," ಎಂದು ಡ್ರೈವರ್ ಒಮ್ಮೆ ಕೇಳಿದ.

"ಕೇಳ್ಲಿ. ಯಾರ್ ತೆಗ್ದರೂ ನಂಗೆ ಗೊತ್ತಾಕು."

ಅನುಮಾನದಲ್ಲಿ ಅತ್ತೆ ಭೇದ ಮಾಡುತ್ತಿರಲಿಲ್ಲ. ಹಾಲನ್ನು ಮೂಸಿ ನೋಡುವರು, ಆಕಾಶವನ್ನು ಓರೆಗಣ್ಣಿನಲ್ಲಿ ನೋಡುವರು. ಜೀಪಿನ ಬಾನೆಟ್ ಮೇಲೆ ಅಂಗೈಯಿಟ್ಟು, ಬಿಸಿಯಿದ್ದರೆ ಜೀಪನ್ನೇ ಕೇಳುವರು: "ಎಲ್ಲಿಗೆ ಹೋಗಿತ್ತ್?" ನನ್ನ ಮೇಲೂ ಒಂದು ಕಣ್ಣಿತ್ತು. ದಿನಚರಿ ಬರೆಯುತ್ತ ಕಾಗದದ ಮೇಲೆ ಬಗ್ಗಿ ಕೂತಿರುವ ಸೊಸೆಯನ್ನು ಯಾರು ತಾನೇ ನಂಬುತ್ತಾರೆ?

ಆಯುಧ ಪೂಜಿಸುವ ಕೈಲ್‌ಮುಹೂರ್ತದ ಹಬ್ಬಕ್ಕೆ ಮಾವ ಕೋವಿ ಒರೆಸಿ, ಕರಗಿಸಿದ ಹಂದಿಯ ನೆಣ ಸವರಿದರು. ಉಳಿದದ್ದನ್ನು ಶೆಡ್ಡಿನ ಕೀಲುಗಳಿಗೂ ಹಚ್ಚಿಬಿಟ್ಟರು. ಬಾಗಿಲು ಮೂಕವಾಯಿತು. ಸಂಜೆಯೊಳಗೆ ತೋಟದ ನಾಯಿಗಳೆಲ್ಲ ಬಂದು ಕೀಲು ನೆಕ್ಕಲು ಕಚ್ಚಾಡತೊಡಗಿದವು.

"ಕಳ್ಳ ಬಂದೊಳ," ಎಂದರು ಅತ್ತೆ. "ಬಾಗ್ಲಿಗೆ ನೆಣ ಹಚ್ಚಿ ನಾಯಿಗಳ್ಗೂ ಲಂಚ ಕೊಟ್ಟೊಳ."

"ಕಳ್ಳ ಅಲ್ಲ ಮಾರಾಯ್ತಿ, ನಾನೇ ಹಚ್ಚಿದ್."

"ನೀವಾ? ಹಂಗಾರೆ ಇಸ್ಪೀಟಿಗೆ ಹೋಕೆ ದಾರಿ ಮಾಡ್ಕಂಡೊಳರಿ."

ಅತ್ತೆ ಬಿಸಿನೀರು, ಬೂದಿ ತಂದು ಕೀಲುಗಳನ್ನು ತಿಕ್ಕಿದರು. ಬಾಗಿಲಿಗೆ ದನಿ ಮರಳಿತು. ನೆಣದ ಮಡಕೆ ಒಲೆಯ ಮೇಲಿನ ಅಟ್ಟ ಸೇರಿತು. ಅತ್ತೆಯ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಮರುವರ್ಷ ಮಡಿಕೇರಿಯ ಶಾಲೆಯೊಂದು ಟೀಚರ್ ಕೆಲಸಕ್ಕೆ ನನ್ನನ್ನು ಸಂದರ್ಶನಕ್ಕೆ ಕರೆಯಿತು. ಮಧ್ಯಾಹ್ನ ಮೂರು ಗಂಟೆಗೆ. ಮಾವ ಒಂದೇ ಮಾತಿನಲ್ಲಿ ಬೇಡವೆಂದರು, ನನ್ನನ್ನು ಕರೆದೊಯ್ಯಬಾರದೆಂದು ಡ್ರೈವರಿಗೂ ಹೇಳಿದರು. ಬಸ್ಸಿದ್ದದ್ದು ಬೆಳಿಗ್ಗೆ ಮಾತ್ರ. ಸಂದರ್ಶನದ ದಿನ ಅದು ಹೋಗುವ ಹೊತ್ತಿಗೆ ಮಾವ ಅಂಗಳದಲ್ಲೇ ನಿಂತಿದ್ದರು. ಈ ಕೆಲಸ ತಪ್ಪಿದರೆ ಇನ್ನೊಂದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಡುಗೆಮನೆಯಲ್ಲಿ ಅತ್ತೆ ತಲೆಯೆತ್ತದೆ ಕೇಳಿದರು. "ಗೂಡೆ, ಸಂಬಳ ಯಾರ ಕೈಗೆ ಕೊಟ್ಟವೆ?" ಗೂಡೆಯೆಂದರೆ ಹುಡುಗಿ, ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

"ನನ್ನ ಕೈಗೇ."

"ಗಂಡನ ಕೈಗೆ ಅಲ್ಲ?"

"ಅಲ್ಲ, ಅತ್ತೆ."

"ಹ್ಞೂಂ," ಎಂದರು. ಅದರಲ್ಲೂ ಅನುಮಾನವೇ ಕೇಳಿಸಿತು.

ಊಟದ ನಂತರ ಮಾವ ಜಗಲಿಯ ಈಸಿಚೇರಿನಲ್ಲಿ ಮಲಗಿದರು. ಅಂಗಳದ ಆಚೆಗೇ ಶೆಡ್ಡು. ಸುಮ್ಮನೆ ಅತ್ತ ನೋಡಿದೆ. ಬೀಗ ತೆರೆದು ಚಿಲಕದಲ್ಲಿ ನೇತಾಡುತ್ತಿತ್ತು. ಅತ್ತೆ ಬೀಗ ಮರೆಯುವವರಲ್ಲ. ನನ್ನನ್ನು ಹಿಡಿಯಲೆಂದೇ ಬಿಟ್ಟಿದ್ದಾರೆ, ಬಾಗಿಲು ಕೂಗುತ್ತದೆ, ಮಾವ ಏಳುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೂ ಸೀರೆ ಬದಲಾಯಿಸಿ ಹೋದೆ. ಮನೆಯ ಕರಿನಾಯಿ ಬಾಗಿಲಿಗೆ ಮುಂಗಾಲು ಕೊಟ್ಟು ನಿಂತು ಕೀಲನ್ನು ನೆಕ್ಕುತ್ತಿತ್ತು.

ತಳ್ಳಿದೆ. ಬಾಗಿಲು ಉಸಿರೆತ್ತಲಿಲ್ಲ.

ಶೆಡ್ಡಿನಿಂದ ಇಳಿಜಾರು ಹಾದಿ. ಎಂಜಿನ್ ಹಾಕದೆ ಬ್ರೇಕ್ ಬಿಟ್ಟೆ. ಜೀಪ್ ತಾನಾಗಿ ಉರುಳಿತು. ಲೈನ್‌ಮನೆಗಳನ್ನು ದಾಟಿದ ಮೇಲೆ ಗೇರಿಗೆ ಹಾಕಿ ಸ್ಟಾರ್ಟ್ ಮಾಡಿದೆ.

ಸಂಜೆ ಮರಳಿದಾಗ ಮಾವ ಜಗಲಿಯಲ್ಲಿ ನಿಂತಿದ್ದರು. ಲೆಕ್ಕ ಹೇಳಲು ಬಂದಿದ್ದ ಎಸ್ಟೇಟಿನ ರೈಟರೂ, ಡ್ರೈವರೂ ಅಲ್ಲೇ ಇದ್ದರು. ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಮೆಟ್ಟಿಲಿಳಿದು ಬಾನೆಟ್ ಮೇಲೆ ಅಂಗೈಯಿಟ್ಟರು.

"ಬಿಸಿ ಉಟ್ಟು. ಯಾರ್ ಬೀಗ ತೆಗ್ದ್?" ಎಂದು ಡ್ರೈವರನ್ನು ದುರುಗುಟ್ಟಿ ನೋಡಿದರು.

"ನನಗೆ ಗೊತ್ತಿಲ್ಲ ಅಮ್ಮಾ."

ಅತ್ತೆ ಮಾವನ ಕಡೆ ತಿರುಗಿದರು. "ನೀವು ಇಲ್ಲೇ ಅಲಾ ಮಲ್ಗಿದ್ದ್? ಬಾಗ್ಲು ಕೂಗಿದ್ ಕೇಳಿತ್ಲೆಯಾ?"

"ಅದ್ ಕೂಗಿದ್ದೇ ಇಲ್ಲೆ," ಎಂದರು ಮಾವ.

ಅತ್ತೆ ನೇರವಾಗಿ ಶೆಡ್ಡಿಗೆ ಹೋಗಿ ಬಾಗಿಲೆಳೆದರು. ಅದು ಕಿರುಚಿದ ಹೊಡೆತಕ್ಕೆ ಸಿಲ್ವರ್ ಓಕ್ ಮರದ ಕಾಗೆಗಳೆಲ್ಲ ಎದ್ದವು.

"ಈ ಕೂಗಿಗೆ ಏಳದವು ಯಾರ್ ಒಳೊ? ನೀವೇ ಸೊಸೆನ ಕಳ್ಸಿಯೊಳರಿ. ನಂಗೊಂದು ಮಾತ್ ಹೇಳದೆ. ನಂಗೆ ಅನುಮಾನ ಇತ್ತ್."

ರೈಟರು ತಲೆ ತಗ್ಗಿಸಿ ನಗು ನುಂಗಿದರು. ಮಾವ ಬಾಗಿಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಸೊಸೆ ತಮ್ಮ ಮಾತು ಮೀರಿದಳೆಂದು ರೈಟರ ಎದುರು ಒಪ್ಪುವಂತಿರಲಿಲ್ಲ. ಕೊನೆಗೆ ಕುರ್ಚಿಯಲ್ಲಿ ಕೂತರು.

"ಹ್ಞಾಂ, ನಾನೇ ಹೋಗ್ ಅಂತ ಹೇಳ್ದ್. ಈಗ ಏನ್?"

ಜೀಪನ್ನು ಒಳಗೆ ನಿಲ್ಲಿಸುವಾಗ ಕಂಡೆ: ಕೀಲಿನ ಕೆಳಗೆ ನೆಲದಲ್ಲಿ ಒದ್ದೆ ಬೂದಿ. ಅತ್ತೆಯ ಹೆಬ್ಬೆರಳ ಉಗುರೂ ಅಂದು ಬೂದಿ ಬಣ್ಣಕ್ಕೆ ತಿರುಗಿತ್ತು.

ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅದೇ ಶಾಲೆಯಲ್ಲಿ ಪಾಠ ಹೇಳಿದೆ. ಬಾಗಿಲು ದಿನಾ ಬೆಳಿಗ್ಗೆ ಕೂಗಿಯೇ ನನ್ನನ್ನು ಕಳಿಸಿತು. ನನ್ನ ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಸಂದರ್ಶನದ ಪ್ರಶ್ನೆಗಳು ಮಾತ್ರ ಇವೆ, ಬಾಗಿಲಿನ ಮಾತಿಲ್ಲ. ಯಾರಾದರೂ ಓದಿಯಾರೆಂದು ಬಿಟ್ಟಿರಬೇಕು. ಅಷ್ಟರಲ್ಲಿ ಅತ್ತೆಯ ಗುಣ ನನಗೂ ಹತ್ತಿತ್ತು. ಹಾಗಾಗಿ ಬೂದಿಗೂ ನೆಣಕ್ಕೂ ನನ್ನ ನೆನಪೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಉಪಕಾರ ಪಡೆದವರು ಕತೆ ಕಟ್ಟುವುದುಂಟು. ಒಮ್ಮೆ ಅತ್ತೆಯನ್ನೇ ಕೇಳಿದೆ. "ನೆಣವಾ? ಡ್ರೈವರ್‌ನ ಕೇಳ್. ಅವನ ಮೇಲೆ ನಂಗೆ ಮೊದ್ಲಿಂದ್ಲೂ ಅನುಮಾನ," ಎಂದು ಬಾಗಿಲೊರೆಸಲು ಹೋದರು.

ಎಷ್ಟೋ ವರ್ಷಗಳ ಮೇಲೆ, ಕಾಫಿ ಕುಯ್ಲಿನ ಕಾಲದಲ್ಲಿ ಅತ್ತೆ ತೀರಿಕೊಂಡರು. ನೆಂಟರನ್ನು ಕರೆತರಲು ಜೀಪ್ ತೆಗೆಯಬೇಕಿತ್ತು. ಬೀಗದ ಕೈ ಅವರ ಸೊಂಟದಿಂದ ನಾನೇ ಬಿಚ್ಚಿಕೊಂಡೆ. ಬಾಗಿಲೆಳೆದಾಗ ಅದು ಎಂದಿನಂತೆ ಕಿರುಚಿತು. ಜಗಲಿಯಲ್ಲಿ ಕೂತಿದ್ದ ಮಾವ ಆ ಬಾಗಿಲನ್ನೇ ನೋಡುತ್ತಿದ್ದರು.

"ಅದ್ಕೆ ಒಂಚೂರ್ ನೆಣ ಹಚ್ಚ್, ಗೂಡೆ," ಎಂದರು. "ಅಂದ್ ಅವ್ಳು ಹಚ್ಚಿದಂಗೆ."

ನಾನು ಬೀಗದ ಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಬೇಡ ಮಾವ," ಎಂದೆ. "ಇವತ್ತು ಕೂಗಲಿ."