ಇಳಿತ ನೋಡಲು ಕುಳಿತ ದಿನ

ಹಿರಿಯೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆರು ವರ್ಷ ಸಮುದ್ರದ ಉಬ್ಬರವಿಳಿತದ ಪಾಠ ಮಾಡಿದ್ದೆ. ಸಮುದ್ರವನ್ನು ಮಾತ್ರ ನೋಡಿರಲಿಲ್ಲ. ಒಮ್ಮೆ ಒಬ್ಬ ಹುಡುಗಿ ಎದ್ದು, “ಇಳಿದ ನೀರು ಎಲ್ಲಿಗೆ ಹೋಗ್ತೈತೆ ಮೇಡಂ?” ಎಂದಾಗ ಪುಸ್ತಕದಲ್ಲಿದ್ದದ್ದನ್ನೇ ಇನ್ನೊಮ್ಮೆ ಓದಿ ಕೂರಿಸಿದ್ದೆ. ಆ ನಾಚಿಕೆ ನನ್ನೊಳಗೆ ಉಳಿದಿತ್ತು. ಅದಕ್ಕೇ ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಗಂಡ ಗೋವಾಕ್ಕೆ ಹೋಗೋಣವೆಂದಾಗ ಯಾಕೆ, ಏನು ಎಂದು ಕೇಳದೆ ಚೀಲ ತುಂಬಿದೆ.

ಮತ್ತೋಡಿನಲ್ಲಿದ್ದ ಅತ್ತೆಯನ್ನೂ ಕರೆದುಕೊಂಡು ಬೀರೂರಿನಲ್ಲಿ ರೈಲು ಹತ್ತಿದೆವು. ಹುಬ್ಬಳ್ಳಿ ದಾಟಿದ ಮೇಲೆ ನಮ್ಮವರು ಬಾಯಿಬಿಟ್ಟರು. ನಾಲೆ ಬಯಲಿನ ನಮ್ಮ ಜಮೀನಿನಲ್ಲಿ ದ್ರಾಕ್ಷಿ ಹಾಕಿದ್ದರು. ಎರಡು ವರ್ಷವೂ ಗೊನೆಗಳು ಹಣ್ಣಾಗುವ ಮೊದಲೇ ಬಿರಿದು ಕೊಳೆತಿದ್ದವು. “ಪೋರ್ಚುಗೀಸರು ಆಳಿದ ಊರು. ವೈನು ಕುಡಿಯೋ ಜನ. ದ್ರಾಕ್ಷಿ ತೋಟ ಇದ್ದೇ ಇರ್ತವೆ. ಯಾರಾದ್ರೂ ಹಳಬ್ರನ್ನ ಕೇಳ್ಕಂಡು ಬರಾಣ.”

“ಸಮುದ್ರ?” ಎಂದೆ.

“ಅದೆಲ್ಲಿಗೆ ಹೋಗ್ತೈತೆ, ಅಲ್ಲೇ ಇರ್ತೈತೆ.”

ಪಣಜಿಯಲ್ಲಿ ಮೊದಲ ದಿನ ಬಾರುಗಳ ಬಾಗಿಲಲ್ಲೇ ಕಳೆಯಿತು. ಒಂದು ಹನಿಯೂ ಮುಟ್ಟದ ನಮ್ಮವರು ಒಳಗೆ ಕಾಲಿಡದೆ, ಹೊಸ್ತಿಲಾಚೆಯಿಂದಲೇ ಹರಕು ಹಿಂದಿಯಲ್ಲಿ ದ್ರಾಕ್ಷಿ ತೋಟ ಎಲ್ಲಿ ಎಂದು ವಿಚಾರಿಸುತ್ತಿದ್ದರು. ನಾನೂ ಅತ್ತೆಯೂ ಬಿಸಿಲಲ್ಲಿ ರಸ್ತೆಯಂಚಿಗೆ ನಿಂತಿದ್ದೆವು. ಎರಡನೆಯ ದಿನ ಕಾರವಾರ ಕಡೆಯ ಟ್ಯಾಕ್ಸಿಯವನೊಬ್ಬ ಸಿಕ್ಕಿ ನಮ್ಮನ್ನು ಗುಡ್ಡಗಳ ಕಡೆ ಕರೆದೊಯ್ದ. ದಾರಿಯುದ್ದಕ್ಕೂ ಗೇರುಮರ. ಒಂದು ಚಪ್ಪರದಡಿ ಮುದುಕನೊಬ್ಬ ಗೇರುಹಣ್ಣು ತುಳಿಯುತ್ತಿದ್ದ; ಪಕ್ಕದಲ್ಲಿ ಒಲೆಯ ಮೇಲೆ ದೊಡ್ಡ ಮಡಕೆ ಕುದಿಯುತ್ತಿತ್ತು. ಹುಳಿವಾಸನೆಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ನಮ್ಮವರ ಪ್ರಶ್ನೆಯನ್ನು ಟ್ಯಾಕ್ಸಿಯವನು ಕೊಂಕಣಿಯಲ್ಲಿ ಕೇಳಿದ. ಮುದುಕ ನಕ್ಕುಬಿಟ್ಟ. “ಇಲ್ಲಿ ದ್ರಾಕ್ಷಿನೇ ಬೆಳೆಯೋದಿಲ್ಲಂತೆ ಸಾರ್. ಕುಡಿಯೋದೆಲ್ಲ ಗೇರುಹಣ್ಣಿನ ಸಾರಾಯಿನೇ,” ಎಂದ ಟ್ಯಾಕ್ಸಿಯವನು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಸಂಜೆ ಲಾಡ್ಜಿನಲ್ಲಿ ಕಾಲು ತೊಳೆಯುತ್ತಾ, “ನಾಳೆ ಬೆಳಿಗ್ಗೆ ಇನ್ನೊಂದು ಕಡೆ ನೋಡಾಣ. ಹಳೇ ಚರ್ಚಿನ ಹಿತ್ತಲಲ್ಲಿ ಒಂದು ಬಳ್ಳಿ ಐತಂತೆ,” ಎಂದರು. ಮರುದಿನ ಮಧ್ಯಾಹ್ನವೇ ನಮ್ಮ ರೈಲು. ಒಂದು ಬಳ್ಳಿಗೋಸ್ಕರ ನನ್ನ ಸಮುದ್ರ ಹೋಗುವುದರಲ್ಲಿತ್ತು. ಮಾತಾಡಿದ್ದರೆ ಅತ್ತೆಯೆದುರು ಅತ್ತುಬಿಡುತ್ತಿದ್ದೆ.

ಬೆಳಿಗ್ಗೆ ಅವರು ಹೊರಟ ಮೇಲೆ ಅತ್ತೆಯೇ ಸೀರೆ ಸರಿಮಾಡಿಕೊಂಡು, “ನಡಿಯವ್ವ, ನಾವು ಹೋಗಾಣ,” ಎಂದರು.

ನಾವು ಮರಳಿಗೆ ಇಳಿದಾಗ ನೀರು ತುಂಬಿತ್ತು. ಅಲೆ ಮುಟ್ಟಿದ ಕಡೆ ಒಂದು ಕಡ್ಡಿ ನೆಟ್ಟು ಕುಳಿತೆ. ಒಂದು ಗಂಟೆಯಲ್ಲಿ ನೀರು ಎರಡು ಮಾರು ದೂರ ಸರಿಯಿತು. ಇನ್ನೊಂದು ಕಡ್ಡಿ ನೆಟ್ಟೆ. ಮೂರನೆಯ ಕಡ್ಡಿ ನೆಡುವಾಗ ಅವರು ಲಾಡ್ಜಿನವರನ್ನು ಕೇಳಿಕೊಂಡು ಬೆವರುತ್ತಾ ಬಂದರು.

“ಬಳ್ಳಿ ಸಿಕ್ತಾ?” ಎಂದು ಅತ್ತೆ ಕೇಳಿದರು.

“ಒಣಗಿತ್ತು. ಏಳ್ರಿ, ರೈಲಿಗೆ ಹೊತ್ತಾಯ್ತು.”

“ನೀರು ಪೂರ್ತಿ ಇಳೀಲಿ,” ಎಂದೆ.

“ಇಳಿಯೋದು ಏನು ನೋಡ್ತೀಯ? ನೀನೇ ಪಾಠ ಮಾಡ್ತೀಯಲ್ಲ.”

“ನಾನು ಏಳಲ್ಲ ರೀ.”

ಮದುವೆಯಾದ ಏಳು ವರ್ಷದಲ್ಲಿ ಅವರಿಗೆ ಹಾಗೆ ಹೇಳಿರಲಿಲ್ಲ. ಅವರು ಅತ್ತೆಯ ಮುಖ ನೋಡಿದರು. “ಎರಡು ದಿನ ನಿನ್ನ ಹಿಂದೆ ತಿರುಗಿದೀವಿ. ಕುಂತ್ಕ ನೀನೂ,” ಎಂದರು ಅತ್ತೆ.

ಅವರು ಕುಳಿತರು, ನಮಗೆ ಬೆನ್ನು ಹಾಕಿ. ರೈಲು ತಪ್ಪಿತು. ನೀರು ಹಿಂದೆ ಸರಿದ ಜಾಗದಲ್ಲಿ ಒದ್ದೆ ಮರಳು, ಏಡಿಗಳ ಸಣ್ಣ ಸಣ್ಣ ತೂತು, ಇಷ್ಟೇ. ಇನ್ನೇನೋ ಇರುತ್ತದೆ ಎಂದುಕೊಂಡಿದ್ದೆ. ಅಷ್ಟಕ್ಕೇ ಜಗಳವಾಡಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆದರೂ ಕೊನೆಯ ಕಡ್ಡಿ ನೆಟ್ಟೇ ಎದ್ದೆ.

ಮಾರನೆಯ ದಿನದ ರೈಲಿನಲ್ಲಿ ಬೀರೂರಿನವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ. ನಡುವೆ ಕುಳಿತ ಅತ್ತೆ ಇಬ್ಬರಿಗೂ ಒಂದೊಂದು ರೊಟ್ಟಿ ಕೊಟ್ಟು ಕಿಟಕಿಯ ಕಡೆ ತಿರುಗಿದರು.