ದೊಡ್ಡಪ್ಪನ ಕರಿಕುರಿಗಳೂ ‘ಬರೀ ಥಿಯರಿ’ಯೂ

ಇಂದು ಚಳ್ಳಕೆರೆ ಸಂತೆಯಲ್ಲಿ ಒದ್ದೆ ಉಣ್ಣೆಯ ವಾಸನೆ ಬಡಿದೊಡನೆ ದೇವಸಮುದ್ರದ ನಮ್ಮ ಕುರಿಹಟ್ಟಿ ಕಣ್ಮುಂದೆ ನಿಂತಿತು. ಕರಿಕಂಬಳಿಯ ಉಣ್ಣೆಗೆಂದು ದೊಡ್ಡಪ್ಪ ಕಪ್ಪು ಟಗರನ್ನಷ್ಟೇ ತಳಿಗೆ ಉಳಿಸಿಕೊಳ್ಳುತ್ತಿದ್ದರು. “ನಮ್ಮಜ್ಜನ ಕಾಲಕ್ಕೆ ಹಿಂಡೆಲ್ಲ ಬಣ್ಣಬಣ್ಣ. ಈಗ ನೋಡು, ಎಲ್ಲಾ ಕರೀವು!” ಎಂದು ಮೀಸೆ ತಿರುವುತ್ತಿದ್ದ ಅವರೇ, ಜೀವವಿಕಾಸ ಕುರಿತ ನನ್ನ ಭಾಷಣ ಸ್ಪರ್ಧೆಯ ಹಿಂದಿನ ಸಂಜೆ ಗದರಿದರು: “ವಿಕಾಸ ಬರೀ ಥಿಯರಿ ಐತೆ. ಅದನ್ನ ಹೇಳಾಕೆ ನೀನು ಹೋಗಬ್ಯಾಡ.”

“ತಲೆಮಾರು ಕಳೆದಂಗೆ ಹಿಂಡಿನ ಹುಟ್ಟುಗುಣ ಬದಲಾದ್ರೆ ಅದೇ ವಿಕಾಸ, ದೊಡ್ಡಪ್ಪ. ಬದಲಾಗಿದ್ದು ನಿಜ; ಹೆಂಗೆ ಅಂತ ಪುರಾವೆ ಇಟ್ಟು ವಿವರಿಸೋದು ಥಿಯರಿ. ನಿಮ್ಮ ಹಟ್ಟಿಯಾಗೇ ಆಗೈತಲ್ರೀ!” ಎಂದೆ.

“ಅದು ನನ್ನ ಕೈಗುಣ ಕಣೇ!” ಎಂದರು.

ಮುಂಜಾನೆ ಅವ್ವ ಸದ್ದಿಲ್ಲದೆ ನನ್ನನ್ನು ಬಸ್ಸು ಹತ್ತಿಸಿದಳು. ಪ್ರಥಮ ಬಹುಮಾನ ನನಗೇ ಬಂತು. ದೊಡ್ಡಪ್ಪ ಊರೆಲ್ಲ ಸಾರಿದರು: “ನಮ್ಮ ವಂಶದ ಗುಣ, ರಕ್ತದಾಗೇ ಬಂದೈತೆ!”

ಇಂದಿಗೂ ನನಗೆ ನಗು ಬಾರದು. ರಕ್ತದಲ್ಲಿ ಗುಣ ಹರಿದುಬರುವುದನ್ನು ಒಪ್ಪಿ, ವಿಕಾಸವನ್ನು ಮಾತ್ರ ‘ಬರೀ ಥಿಯರಿ’ ಎನ್ನುವ ಇಂಥ ತಿಳಿಗೇಡಿತನವನ್ನು ಮುಗ್ಧತೆಯೆಂದು ಮನ್ನಿಸಲು ನನ್ನಿಂದಾಗದು.