ಸೈಕಲ್ ಕಾಲಿನ ರಬ್ಬರ್ ಬಳೆ

ಆ ಸೈಕಲ್ ನನಗೆ ಬರುವ ಮೊದಲು ಹೊಳೆನರಸೀಪುರದ ನನ್ನ ಗೆಳೆಯನ ಕೆಳಗಿತ್ತು. ಅವನ ಕೆಳಗೆ ಏನಿದ್ದರೂ ಅದರ ಗತಿ ಕಷ್ಟ. ಓದುವಾಗ ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದರು; ಅವನು ಆ ತುದಿಯಲ್ಲಿ ಕೂತರೆ ಈ ತುದಿಯಲ್ಲಿ ನಾನು ತಂತಾನೇ ಎದ್ದು ನಿಂತು, ಪಾಠ ಕೇಳದೆಯೇ ಉತ್ತರ ಹೇಳಬೇಕಾಗುತ್ತಿತ್ತು. ಮದುವೆಯಾದ ಮೇಲೆ ಅವನು ಸ್ಕೂಟರಿಗೆ ಬಡ್ತಿ ಪಡೆದ. ಕಲ್ಲು, ಗುಂಡಿ, ಗುಡ್ಡ ಎಲ್ಲವನ್ನೂ ಹತ್ತಿಳಿಯುವ ಆ ದಪ್ಪ ಚಕ್ರದ ಸೈಕಲ್ ನನ್ನ ಪಾಲಿಗೆ ಬಂತು.

ಅದನ್ನು ಹೊಳೆನರಸೀಪುರದಿಂದ ಹಾಸನಕ್ಕೆ ನಾನೇ ಓಡಿಸಿಕೊಂಡು ಬಂದೆ. ದಾರಿಯ ಒಂದೊಂದು ಹಂಪೂ ನನ್ನ ಹಲ್ಲಿನ ಬುಡದವರೆಗೂ ಬಂದು ಮಾತಾಡಿಸಿಕೊಂಡು ಹೋಯಿತು. ಮನೆ ಮುಟ್ಟಿದ ಮೇಲೂ ಮೈ ಸೈಕಲ್ ಮೇಲೇ ಇತ್ತು. ಅಮ್ಮ ಕೊಟ್ಟ ಕಾಫಿ ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ ಹೋಯಿತು. ಗೆಳೆಯನಿಗೆ ಫೋನ್ ಮಾಡಿದೆ.

“ಲೋ, ಮುಂದ್ಗಡೆ ಶಾಕ್ ಅಬ್ಸಾರ್ಬರ್ ಇದೆ ಅಂದ್ಯಲ್ಲ, ಅದೇನು ಹಾರೆ ಹಾಕ್ಸಿದ್ಯಾ?”

“ಅದು ನನ್ ತೂಕಕ್ಕೆ ಸೆಟ್ ಆಗೈತೆ ಕಣ್ಲಾ. ನೀನು ಕೂತ್ರೆ ಅದ್ಕೆ ಯಾರೋ ಮೇಲೆ ಟವಲ್ ಒಣಗಾಕವ್ರೆ ಅನ್ಸಿರ್ತದೆ. ನಿನ್ ತೂಕಕ್ಕೆ ತಕ್ಕಂಗೆ ಗಾಳಿ ಕಮ್ಮಿ ಮಾಡ್ಕ.”

ಗಾಳಿ ಕಮ್ಮಿ ಮಾಡಿದೆ. ಚಕ್ರದ ಗಾಳಿ. ಮುಂದಿನ ಚಕ್ರ ಹಿಡಿದುಕೊಂಡಿರುವ ಆ ಎರಡು ಕಾಲುಗಳ ಒಳಗೂ ಬೇರೆ ಗಾಳಿ ಇರುತ್ತದೆ, ಗುಂಡಿ ಬಂದಾಗ ಕಾಲು ಒಳಕ್ಕೆ ಸರಿದು ಏಟನ್ನು ತಾನು ತಿನ್ನುತ್ತದೆ ಅನ್ನುವುದು ನನಗೆ ಯಾರು ಹೇಳಿದ್ದರು? ಮಾರನೇ ದಿನ ನಾನು ಕೆಲಸ ಮಾಡುವ ಡಿಪ್ಲೊಮಾ ಕಾಲೇಜಿನ ಗೇಟಿನಲ್ಲಿ ತಿರುಗಿದೆ. ಚಕ್ರ ಹಸಿ ಹಿಟ್ಟಿನ ಹಾಗೆ ಒಂದು ಕಡೆ ಮಡಚಿಕೊಂಡಿತು. ನಾನು ಇನ್ನೊಂದು ಕಡೆ ಮಡಚಿಕೊಂಡೆ. ಅಲ್ಲಿ ನಿಂತಿದ್ದವರೆಲ್ಲ ನನ್ನ ಲ್ಯಾಬಿನ ಹುಡುಗರೇ. ಅಳತೆಯ ಉಪಕರಣ ಹೇಗೆ ಓದಬೇಕು ಎಂದು ಅವರಿಗೆ ಕಲಿಸುವವನು ನಾನು. ಅವರು ನನ್ನನ್ನು ಎತ್ತಿ ನಿಲ್ಲಿಸಿ, ನಾನು ಹರಿದ ಪ್ಯಾಂಟಿನಲ್ಲಿ ಹಾಜರಿ ಕೂಗುವವರೆಗೂ ನಗು ತಡೆದುಕೊಂಡರು. ಒಳ್ಳೆಯ ಮಕ್ಕಳು.

ಮೊಣಕೈಗೆ ಅರಿಶಿನ ಹಚ್ಚುತ್ತಾ ಅಮ್ಮ ತೀರ್ಪು ಕೊಟ್ಟಳು. “ಇದೇ ಕೊನೆ. ಇನ್ನೊಂದ್ಸಲ ಬಿದ್ದು ಬಂದ್ಯೋ, ಸೈಕಲ್ ಸೀದಾ ಚನ್ನರಾಯಪಟ್ಟಣಕ್ಕೆ. ದೊಡ್ಡಪ್ಪ ತೋಟಕ್ಕೆ ಓಡಾಡ್ಕೊಳ್ಲಿ.”

ಇದನ್ನು ಅವಳು ತನ್ನ ಅಕ್ಕನಿಗೂ, ಅಂದರೆ ನನ್ನ ದೊಡ್ಡಮ್ಮನಿಗೂ, ಫೋನಿನಲ್ಲಿ ಹೇಳಿದಳು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ದೊಡ್ಡಪ್ಪ ಅದೇ ವಾರ ಪೇಟೆಗೆ ಹೋಗಿ ನನ್ನ ಸೈಕಲ್ಲಿಗೆ ಒಂದು ಕ್ಯಾರಿಯರ್ ತಂದಿಟ್ಟುಕೊಂಡರು. ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅವರ ಫೋನ್ ಬಂದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತಿದ್ದೆ.

“ನಮ್ಮುಡ್ಗ ಎಂಗವ್ನೆ?”

“ಚೆನ್ನಾಗಿದಾನೆ ಭಾವ,” ಎನ್ನುವಳು ಅಮ್ಮ.

“ಬಿದ್ನಾ?”

“ಇಲ್ಲ.”

“ಓ... ಇರ್ಲಿ ಬುಡಿ.”

ಆ ‘ಓ’ದಲ್ಲಿ ಎಂಥ ದುಃಖ ಇತ್ತೆಂದರೆ, ಒಂದು ಸಲ ಬಿದ್ದು ಅವರನ್ನು ಸಮಾಧಾನ ಮಾಡಿಬಿಡೋಣ ಅನ್ನಿಸುತ್ತಿತ್ತು.

ಆದರೆ ನಾನು ಸೈಕಲ್ ಬಿಡುವವನಾಗಿರಲಿಲ್ಲ. ಸಂಜೆ ಕೆಲಸ ಮುಗಿಸಿ ದುದ್ದದ ಕಡೆಯ ಮಣ್ಣು ದಾರಿಗೆ ಇಳಿದರೆ ತಲೆಯೊಳಗಿನ ಕಸವೆಲ್ಲ ಹಿಂದೆ ಬಿದ್ದುಹೋಗುತ್ತಿತ್ತು. ಹಾಗಾಗಿ ಶಾಕ್ ಸರಿಮಾಡಿಕೊಳ್ಳಲೇಬೇಕಿತ್ತು. ಗೆಳೆಯ ಆ ಕಾಲಿಗೇ ಎಂದು ಇರುವ ಪುಟ್ಟ ಪಂಪನ್ನು ಕವರಿನಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿ, ಫೋನಿನಲ್ಲಿ ಪಾಠ ಮಾಡಿದ.

“ಹೊಳೆಯೋ ಕಾಲಿಗೆ ಒಂದು ರಬ್ಬರ್ ಉಂಗುರ ಐತಲ್ಲ, ಅದನ್ನ ಪೂರ್ತಿ ಕೆಳಕ್ಕೆ ತಳ್ಳು. ನಿನ್ ಮಾಮೂಲಿ ದಾರೀಲಿ ಓಡ್ಸು. ಕಾಲು ಎಷ್ಟು ಒಳಕ್ಕೆ ಓಯ್ತದೋ ಉಂಗುರ ಅಷ್ಟು ಮ್ಯಾಲೆ ಓಗಿ ಅಲ್ಲೇ ನಿಂತ್ಕತದೆ. ಮನೆಗ್ ಬಂದು ನೋಡು. ಉಂಗುರ ಅಲ್ಲಾಡೇ ಇಲ್ಲ ಅಂದ್ರೆ ಗಾಳಿ ಬುಡು. ತುದಿಗಂಟ ಓಗಿದ್ರೆ ಗಾಳಿ ಆಕು.”

“ಓಡಿಸ್ತಾನೇ ನೋಡಬಹುದಲ್ಲ?”

“ನೀನು? ಉಂಗುರ ನೋಡ್ಕಂಡು ಓಡುಸ್ತೀಯಾ? ರಸ್ತೆ ನೋಡ್ಲಾ ಸಾಕು.”

ಇದರ ಜೊತೆ ಕಾಲಿನ ತಳದಲ್ಲಿ ಒಂದು ಕೆಂಪು ತಿರುಗಣೆ. ಅದರ ಒಂದು ಕಡೆ ಮೊಲದ ಚಿತ್ರ, ಇನ್ನೊಂದು ಕಡೆ ಆಮೆ. ಯಾವುದೇ ವಿವೇಕಿ ಮಾಡುವಂತೆ ನಾನು ಮೊಲದ ಕಡೆ ಪೂರ್ತಿ ತಿರುಗಿಸಿದೆ, ಸೈಕಲ್ ಜೋರಾಗಿ ಹೋಗಲಿ ಎಂದು. ಅದು ಒಳಗೆ ಸರಿದ ಕಾಲು ಎಷ್ಟು ಬೇಗ ವಾಪಸ್ ಬರಬೇಕು ಅನ್ನುವುದರ ತಿರುಗಣೆಯಂತೆ. ಮೊದಲ ಗುಂಡಿಯಲ್ಲೇ ಹ್ಯಾಂಡಲ್ ಎದ್ದು ಬಂದು ನನ್ನ ಗಲ್ಲ ಮುಟ್ಟಿ ಕ್ಷೇಮ ವಿಚಾರಿಸಿತು. ಆಮೆಯ ಕಡೆ ತಂದೆ. ಆಮೆ ನನ್ನ ಮನಸ್ಸಿಗೆ ಹತ್ತಿರವಾಗಿತ್ತು.

ನನ್ನ ಸಂಜೆಯ ಕ್ರಮ ಹೀಗೆ: ಓಡಿಸಿ ಬರುವುದು, ಮನೆ ಮುಂದೆ ಸೈಕಲ್ ನಿಲ್ಲಿಸುವುದು, ಒಳಗೆ ಹೋಗಿ ಕಾಲು ತೊಳೆದು ಕಾಫಿ ಕುಡಿಯುವುದು, ಆಮೇಲೆ ನಿಧಾನಕ್ಕೆ ಬಂದು ಉಂಗುರ ನೋಡುವುದು. ಅಷ್ಟರಲ್ಲಿ ನಮ್ಮಜ್ಜಿ, ಅಂದರೆ ಅಮ್ಮನ ಅಮ್ಮ, ಸೈಕಲ್ ಒರೆಸಿ ಹ್ಯಾಂಡಲ್ಲಿಗೆ ಕುಂಕುಮ ಇಟ್ಟು ಮುಗಿಸಿರುತ್ತಿದ್ದಳು. ನುಗ್ಗೇಹಳ್ಳಿಯಲ್ಲಿದ್ದ ಕಾಲದಿಂದಲೂ ಅವಳ ಕಾನೂನು ಒಂದೇ: ದೀಪ ಹಚ್ಚುವ ಹೊತ್ತಿಗೆ ಬಾಗಿಲ ಮುಂದೆ ಗಾಡಿ ಕೊಳಕಾಗಿ ನಿಲ್ಲಬಾರದು. ಎತ್ತಿನ ಗಾಡಿಯಿಂದ ಅಮ್ಮನ ಸ್ಕೂಟಿಯವರೆಗೂ ಈ ಕಾನೂನು ನಡೆದು ಬಂದಿತ್ತು. ನನ್ನ ಕೆಲಸ ತಪ್ಪಿತಲ್ಲ ಎಂದು ನಾನು ಸುಮ್ಮನಿದ್ದೆ.

ಮೊದಲ ಸಂಜೆ ಬಂದು ನೋಡಿದೆ. ಉಂಗುರ ತಳದಲ್ಲೇ ಇತ್ತು, ಒಂದು ಕೂದಲೆಳೆಯೂ ಮೇಲೆ ಹೋಗಿರಲಿಲ್ಲ. ಗಾಳಿ ಬಿಟ್ಟೆ. ಮರುದಿನವೂ ತಳದಲ್ಲೇ. ಇನ್ನಷ್ಟು ಬಿಟ್ಟೆ. ಅದರ ಮರುದಿನವೂ ಅಷ್ಟೇ. ಸೈಕಲ್ ಮೇಲೆ ಕೂತಾಗ ಮಾತ್ರ ಮುಂಭಾಗ ಹಳೇ ಸೋಫಾದ ಹಾಗೆ ಒಳಕ್ಕೆ ಕುಸಿಯುತ್ತಿತ್ತು. ಬ್ರೇಕ್ ಹಿಡಿದರೆ ಸೈಕಲ್ ಮೂಗು ಬಗ್ಗಿಸಿ ನಮಸ್ಕಾರ ಮಾಡುತ್ತಿತ್ತು. ಮೈ ಹೇಳುತ್ತಿತ್ತು, ಮೆತ್ತಗಾಗಿದೆ. ಉಂಗುರ ಹೇಳುತ್ತಿತ್ತು, ಅಲ್ಲಾಡೇ ಇಲ್ಲ. ನಾನು ಅಳತೆ ಓದುವುದನ್ನು ಕಲಿಸುವವನು. ಉಂಗುರವನ್ನೇ ನಂಬಿದೆ.

“ಅಲ್ಲಾಡ್ತಾನೇ ಇಲ್ಲ ಕಣೋ,” ಎಂದು ಗೆಳೆಯನಿಗೆ ಫೋನ್ ಮಾಡಿದೆ.

ಅವನು ತುಂಬಾ ಹೊತ್ತು ಯೋಚಿಸಿದ. “ಲೇ, ನೀನು ಸೈಕಲ್ ಮ್ಯಾಲೆ ಕೂತ್ಕಂಡು ಓಯ್ತೀಯಾ, ಇಲ್ಲ ಪಕ್ಕದಲ್ಲಿ ಹಿಡ್ಕಂಡು ನಡೀತೀಯಾ?”

“ಕೂತ್ಕೊಂಡೇ.”

“ಅಂಗಾರೆ ನಿಂಗೆ ತೂಕಾನೇ ಇಲ್ಲ. ಡಾಕ್ಟ್ರಿಗೆ ತೋರ್ಸು.”

ಈ ಮಾತು ನನ್ನ ತಲೆಗೆ ಹೊಕ್ಕಿತು. ಒಬ್ಬ ಮನುಷ್ಯ ಎಷ್ಟು ಹಗುರವಿದ್ದರೆ ಗಾಳಿ ತೆಗೆದ ಶಾಕೂ ಅವನನ್ನು ಗಮನಿಸುವುದಿಲ್ಲ? ಬ್ಯಾಗಿನಲ್ಲಿ ರಾಗಿಹಿಟ್ಟಿನ ಚೀಲ ಹಾಕಿಕೊಂಡು ದುದ್ದದ ದಾರಿ ಹಿಡಿದೆ. ದಾರಿಯಲ್ಲಿ ಚೀಲದ ಬಾಯಿ ಬಿಚ್ಚಿತು. ಮನೆಗೆ ಬಂದಾಗ ಬೆನ್ನು, ಕತ್ತು, ಕಿವಿ ಎಲ್ಲ ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗಿತ್ತು. ಉಂಗುರ ತಳದಲ್ಲೇ ಇತ್ತು. ಮುದ್ದೆಗೆ ಇಟ್ಟಿದ್ದ ಹಿಟ್ಟು ದಾರಿ ಪಾಲಾಯಿತೆಂದು ಅಮ್ಮ ಬೈದಳು. ವಿಷಯ ತಿಳಿದು ಅಜ್ಜಿ ತನ್ನ ತಟ್ಟೆಯ ಅರ್ಧ ಮುದ್ದೆ ಮುರಿದು ನನಗೆ ಹಾಕಿದಳು. “ತಿನ್ನಪ್ಪಾ. ಗಾಳಿ ಬಂದ್ರೆ ಆರೋಗ್ತೀಯ ನೀನು.”

ಕೊನೆಗೆ ಒಂದು ಭಾನುವಾರ ಗೆಳೆಯ ತಾನೇ ನೋಡುತ್ತೇನೆ ಎಂದ. ಅರಕಲಗೂಡಿನ ಹತ್ತಿರ ನಾಲೆ ಏರಿಯ ಮಣ್ಣು ದಾರಿಯಲ್ಲಿ ಸಿಗುವುದೆಂದಾಯಿತು. ಅವನು ಸ್ಕೂಟರಿನಲ್ಲಿ ಬಂದು ಏರಿಯ ಕೆಳಗೆ ನಿಂತ. ನಾನು ಮೇಲಿನಿಂದ ಇಳಿದೆ. ಮಧ್ಯದಲ್ಲಿ ನೀರು ಕೊರೆದ ಒಂದು ಕಾಲುವೆ, ಮೊಣಕಾಲುದ್ದ ಆಳವೂ ಇರಲಿಕ್ಕಿಲ್ಲ. ಮುಂದಿನ ಚಕ್ರ ಅದಕ್ಕೆ ಇಳಿಯಿತು, ಶಾಕ್ ಕುಸಿಯಿತು, ಕುಸಿಯುತ್ತಲೇ ಹೋಯಿತು. ಸೈಕಲ್ ಅಲ್ಲೇ ನಿಂತಿತು. ನಾನು ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಅರಕಲಗೂಡು ತಾಲ್ಲೂಕಿನ ಅರ್ಧ ಭಾಗವನ್ನು ಮೇಲಿನಿಂದ ನೋಡಿಕೊಂಡು ಹೋಗಿ, ಆಗತಾನೇ ನೀರು ಕಟ್ಟಿದ್ದ ಶುಂಠಿ ಹೊಲದ ಪಟ್ಟೆಯೊಳಗೆ ಮುಖ ಮುಂದಾಗಿ ಇಳಿದೆ.

ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಯಾರಪ್ಪಾ ಅದು? ಶುಂಠಿ ನೆಟ್ಟಿದ್ದಾಯ್ತು, ಈಗ ಮನ್ಸುರ್ನ ನೆಡಾದಾ?”

ಗೆಳೆಯ ಓಡಿ ಬರುವಷ್ಟರಲ್ಲಿ ನಾನು ಕೆಸರಿನಿಂದ ತೆವಳಿಕೊಂಡು ಸೈಕಲ್ ಹತ್ತಿರ ಹೋಗಿದ್ದೆ. ಉಂಗುರ ನೋಡಿದೆ. ಅದು ಕಾಲಿನ ತುತ್ತತುದಿಗೆ ಹೋಗಿ ಕೂತಿತ್ತು.

“ಮೇಲೆ ಹೋಗಿದೆ ಕಣೋ! ಅಲ್ಲಾಡಿದೆ! ನನಗೆ ತೂಕ ಇದೆ!”

“ತಲೆಗೆ ಏಟಾಗೈತೆ,” ಎಂದು ಗೆಳೆಯ ಆ ಹೆಂಗಸಿಗೆ ಹೇಳಿದ.

ಅಂಗಿಯ ಕೆಸರನ್ನು ನಾಲೆಯಲ್ಲಿ ತೊಳೆದು ಮನೆಗೆ ಬಂದೆ. ಸಾಕ್ಷಿಗೆ ಗೆಳೆಯನೂ ಬಂದ. ಸೈಕಲ್ ನಿಲ್ಲಿಸಿ, ಕೈಕಾಲು ತೊಳೆದು, ಅವನಿಗೆ ಉಂಗುರ ಮತ್ತೊಮ್ಮೆ ತೋರಿಸೋಣವೆಂದು ಹೊರಗೆ ಬಂದರೆ ಅಜ್ಜಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಂದು ಕೈಯಲ್ಲಿ ಒದ್ದೆ ಬಟ್ಟೆ. ಇನ್ನೊಂದು ಕೈಯ ಎರಡು ಬೆರಳಲ್ಲಿ ಉಂಗುರವನ್ನು ನಯವಾಗಿ ಕೆಳಕ್ಕೆ ಇಳಿಸುತ್ತಿದ್ದಾಳೆ.

“ಅಜ್ಜೀ! ಏನ್ ಮಾಡ್ತಿದ್ದೀಯ?”

“ಈ ಬಳೆ ದಿನಾ ಜಾರ್ಕಂಡು ಮ್ಯಾಲೆ ಓಗಿರ್ತದೆ ಕಣಪ್ಪಾ. ನೀನೆಲ್ಲಿ ನೋಡ್ಕತೀಯಾ? ದಿನಾ ನಾನೇ ಅದ್ರ ಜಾಗಕ್ಕೆ ತಂದಿಡ್ತೀನಿ. ಇವತ್ತಂತೂ ತುದೀಗೇ ಓಗ್ಬುಟ್ಟಿತ್ತು.”

ಗೆಳೆಯ ಗೋಡೆ ಹಿಡಿದುಕೊಂಡು ನಕ್ಕ. ನಗು ತಡೆಯಲಾರದೆ ಆ ಪಾಪಿ ಹೇಳಿಯೂಬಿಟ್ಟ: “ಅಜ್ಜೀ, ನಿಮ್ ಬಳೆಯಿಂದಾನೇ ಇವ್ನು ಇವತ್ತು ಶುಂಠಿ ಒಲದಲ್ಲಿ ಬಿದ್ದಿದ್ದು!”

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನ ಕಿವಿಯೊಳಗೆ ಉಳಿದಿದ್ದ ಕೆಸರನ್ನು ಸೆರಗಿನ ತುದಿಯಿಂದ ತೆಗೆದು ನೋಡಿದಳು. ತಪ್ಪು ಶಾಕಿನದಲ್ಲ, ನನ್ನದಲ್ಲ ಎಂದು ವಾದ ಮಾಡಬಹುದಿತ್ತು. ಆದರೆ ಅಜ್ಜಿ ಬಟ್ಟೆ ಹಿಡಿದುಕೊಂಡು, ತಾನು ಏನು ಮಾಡಿದೆ ಎಂದು ತಿಳಿಯದೆ ನಮ್ಮ ಮೂವರ ಮುಖ ನೋಡುತ್ತಿದ್ದಳು. ಅವಳ ಕೈಯಿಂದ ಬಟ್ಟೆ ಇಸಿದುಕೊಂಡೆ.

“ಬಿದ್ಯಾ?” ಎಂದಳು ಅಮ್ಮ.

“ಬಿದ್ದೆ.”

ದೊಡ್ಡಪ್ಪನ ಮನೆಗೆ ಸೈಕಲ್ ಮುಟ್ಟಿಸಲು ನಾನೇ ಹೋದೆ. ಅವರು ಕ್ಯಾರಿಯರ್ ಹಿಡಿದುಕೊಂಡೇ ಗೇಟಿನಲ್ಲಿ ನಿಂತಿದ್ದರು. ಅದನ್ನು ಕೂರಿಸಿ, ಅವರ ತೂಕಕ್ಕೆ ಗಾಳಿ ಹಾಕಿ, ಅಂಗಳದಲ್ಲಿ ಓಡಿಸಲು ಹೇಳಿ, ಇಳಿದ ತಕ್ಷಣ ಅಲ್ಲೇ ಉಂಗುರ ನೋಡಿದೆ. ಎಲ್ಲಿರಬೇಕೋ ಅಲ್ಲೇ ನಿಂತಿತ್ತು. ಜೀವನದಲ್ಲಿ ನಾನು ಸರಿಯಾಗಿ ಸೆಟ್ ಮಾಡಿದ ಏಕೈಕ ಶಾಕ್, ಅದೂ ಇನ್ನೊಬ್ಬರಿಗೆ. ತಿರುಗಣೆಯನ್ನು ಮೊಲದ ಕಡೆ ತಿರುಗಿಸಲು ಬೆರಳು ತುರಿಸಿತು. ಆಮೆಯಲ್ಲೇ ಬಿಟ್ಟೆ. ಪಂಪನ್ನೂ ಕೊಟ್ಟು, ಉಂಗುರ ಅಲ್ಲಾಡದಿದ್ದರೆ ಗಾಳಿ ಬಿಡಬೇಕು, ತುದಿಗೆ ಹೋದರೆ ಹಾಕಬೇಕು ಎಂದು ಕಲಿಸಿಕೊಟ್ಟೆ. ಸೈಕಲ್ಲಿನ ಬದಲಿಗೆ ದೊಡ್ಡಮ್ಮ ಒಂದು ಚೀಲ ತೆಂಗಿನಕಾಯಿ ಕೊಟ್ಟು, ಗಂಡನ ಕಡೆ ತಿರುಗಿದಳು. “ನೀವು ಬಿದ್ರೂ ಅದೇ ಕಾನೂನು. ಸೈಕಲ್ ವಾಪಸ್ ಆಸನಕ್ಕೆ, ಇವ್ನಿಗೇ.”

ಈಗ ಫೋನ್ ಮಾಡುವವನು ನಾನು.

“ದೊಡ್ಡಪ್ಪ ಹೇಗಿದಾರೆ?”

“ಚೆನ್ನಾಗವ್ರೆ ಕಣಪ್ಪಾ,” ಎಂದಳು ದೊಡ್ಡಮ್ಮ.

“ಬಿದ್ರಾ?”

“ಇನ್ನೂ ಇಲ್ಲ. ಆ ಬಳೆ ಮಾತ್ರ ದಿನಾ ಮ್ಯಾಲೆ ಓಗಿರ್ತದೆ. ತ್ವಾಟದಿಂದ ಬಂದ ತಕ್ಷಣ ಒರೆಸಿ ನಾನೇ ಕೆಳಕ್ಕೆ ಇಳ್ಸಿಡ್ತೀನಿ.”

ದೊಡ್ಡಮ್ಮ ಯಾರ ಮಗಳು ಎಂಬುದು ನನಗೆ ನೆನಪಿರಬೇಕಿತ್ತು. “ಮುಟ್ಟಬೇಡಿ ದೊಡ್ಡಮ್ಮ, ದಯವಿಟ್ಟು!” ಎಂದೆ. ನನ್ನ ಹಿಂದಿನಿಂದ ಅಜ್ಜಿ ಕೂಗಿದಳು, “ಅವಳಿಗೂ ಏಳ್ಕೊಡು, ದಿನಾ ಸರಿ ಮಾಡಾಕೆ!” ಅಲ್ಲಿ ದೊಡ್ಡಪ್ಪ ಫೋನ್ ಇಸಿದುಕೊಂಡರು.

“ಏನ್ಲಾ? ಬಳೆ ಅಲ್ಲಾಡ್ತಾನೇ ಇಲ್ಲ. ದಿನಾ ಒಸಿ ಒಸಿ ಗಾಳಿ ಬುಡ್ತಾ ಇವ್ನಿ.”

“ಬಿಡಬೇಡಿ ದೊಡ್ಡಪ್ಪ! ಹಾಕಿ! ಅದನ್ನ ದೊಡ್ಡಮ್ಮ ಇಳಿಸ್ತಾ ಇರೋದು!”

ದೊಡ್ಡಪ್ಪ ನಕ್ಕರು. “ಅಲ್ಲಾಡ್ದಿದ್ರೆ ಬುಡು ಅಂದೋನು ನೀನೇ. ಈಗ ಆಕು ಅಂದ್ರೆ? ಸೈಕಲ್ ಮ್ಯಾಲೆ ನಿಂಗಿನ್ನೂ ಆಸೆ ಓಗಿಲ್ಲ ಕಣ್ಲಾ. ನನ್ನ ಬೀಳ್ಸಾಕೆ ನೋಡ್ತಿದ್ದೀಯ!”

ಫೋನ್ ಇಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ. ನಿಜ ಹೇಳಿದ್ದೇನೆ, ಅವರು ಬೀಳಬಾರದು ಅನ್ನುವುದೂ ನಿಜ. ಬಾಗಿಲ ಮುಂದೆ ಬಂದು ನಿಂತೆ. ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ ತೆಂಗಿನಕಾಯಿ ಚೀಲ ಕೂತಿತ್ತು. ಅದನ್ನು ಒಂದು ಸೈಕಲ್ ನಿಲ್ಲುವಷ್ಟು ಪಕ್ಕಕ್ಕೆ ಸರಿಸಿದೆ. ಯಾಕೆ ಎಂದು ಅಜ್ಜಿ ಕೇಳಿದಳು. “ಇರ್ಲಿ ಬಿಡು,” ಎಂದೆ.